ಕಪ್ಪು ವಜ್ರಗಳ ಹಿಂದಿನ ಕರ್ಣ

ಪ್ರಶ್ನೆ: ಅಪ್ಪ 2004ರಲ್ಲಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದ ತಾಳಮದ್ದಳೆಯ ಟಿಪ್ಪಣಿಗಳು ಹಳೆಯ ಸಿ.ಡಿ.ಯೊಂದರಲ್ಲಿ ಸಿಕ್ಕಿವೆ. ಲಿನಕ್ಸ್ ಟರ್ಮಿನಲ್‌ನಲ್ಲಿ ತೆರೆದರೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಅಕ್ಷರ, ಉಳಿದದ್ದೆಲ್ಲ ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ವಜ್ರ. ನಾನು ಯೂನಿಕೋಡ್‌ನಲ್ಲಿ ‘ಕರ್ಣ’ ಎಂದು ಹೆಸರಿಟ್ಟ ಕಡತವೂ ದೂರದ ಸರ್ವರ್‌ನಲ್ಲಿ ಬರೀ ಅಂಕಿಗಳಾಗಿ ಕಾಣುತ್ತಿದೆ. ಎರಡೂ ಕೆಟ್ಟುಹೋದವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡೂ ಕೆಟ್ಟಿಲ್ಲ. ಆದರೆ ಅಪ್ಪನ ಕಡತವನ್ನು ತೆರೆದು ‘ಉಳಿಸು’ ಒತ್ತಬೇಡಿ, ದಯವಿಟ್ಟು. ನನ್ನ ಸೋದರಮಾವನ 14 ಪುಟಗಳ ಪತ್ರಗಳನ್ನು ನಾನು ಕಳೆದುಕೊಂಡಿದ್ದು ಹೀಗೆಯೇ. ಪರದೆಯಲ್ಲಿ ವಜ್ರ ಕಂಡರೂ ಮೂಲ ಬೈಟ್‌ಗಳು ಡಿಸ್ಕ್‌ನಲ್ಲಿ ಭದ್ರವಾಗಿರುತ್ತವೆ. ಕೆಲವು ತಂತ್ರಾಂಶಗಳು ಉಳಿಸುವಾಗ ಅವುಗಳ ಜಾಗದಲ್ಲಿ ವಜ್ರವನ್ನೇ ಬರೆದುಬಿಡುತ್ತವೆ; ಆಮೇಲೆ ಯಾವ ವಜ್ರ ಯಾವ ಅಕ್ಷರವಾಗಿತ್ತೆಂದು ಯಾರೂ ಹೇಳಲಾರರು. ಮೊದಲು ನಕಲು ಮಾಡಿ, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ.

ಸರ್ವರ್‌ನದು ಸಣ್ಣ ತೊಂದರೆ. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ‘ಕ’ ಎಂದರೆ ಮೂರು ಬೈಟ್. ಸರ್ವರ್‌ನ ಲೋಕೇಲ್, ಎಂದರೆ ಭಾಷೆ ಮತ್ತು ಅಕ್ಷರಗಳ ಹೊಂದಿಕೆ, ‘ಸಿ’ ಎಂದಿದ್ದರೆ ಕಡತಗಳ ಪಟ್ಟಿಯಲ್ಲಿ ಅದೇ ‘ಕ’ 340, 262, 225 ಎಂದು ಕಾಣುತ್ತದೆ. 340ರ ನಂತರ 262 ಅಥವಾ 263 ಮತ್ತೆ ಮತ್ತೆ ಬರುತ್ತಿದ್ದರೆ ಅದು ಕನ್ನಡವೇ ಎಂದು ನಂಬಿ. ಈ ಹೊಂದಿಕೆಯನ್ನು ಹಿಡಿದಿಡುವ ‘ಲ್ಯಾಂಗ್’ (LANG) ಎಂಬ ಪರಿಸರ ಚರಕ್ಕೆ ಯುಟಿಎಫ್-8 ಇರುವ ಲೋಕೇಲ್ ಕೊಟ್ಟರೆ ಸಾಕು.

ಅಪ್ಪನ ಕಡತದ ಕಥೆಯೇ ಬೇರೆ. ಹಳೆಯ ನುಡಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಗೆರೆಗಳನ್ನು ಕೂರಿಸಿತ್ತು. ‘ಕನ್ನಡ’ ಎಂದು ಬರೆದರೆ ಒಳಗೆ ಉಳಿಯುತ್ತಿದ್ದದ್ದು ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಗೀಟಿನ ಎ. ನಿಮ್ಮ ಟರ್ಮಿನಲ್‌ಗೆ ಇದರಲ್ಲಿ ಅರ್ಥವಾಗುವುದು ಪಿ ಮತ್ತು ಕ್ಯೂ ಮಾತ್ರ. ಉಳಿದ ಕಡೆ ವಜ್ರ.

ಹಾಗಾಗಿ ಎರಡು ಹೆಜ್ಜೆ ಬೇಕು. ಒಂದು ಸಂಕೇತ ಕ್ರಮದಿಂದ ಇನ್ನೊಂದಕ್ಕೆ ಬದಲಿಸುವ ‘ಐಕಾನ್ವ್’ (iconv) ಆದೇಶದಿಂದ ಕಡತವನ್ನು ವಿಂಡೋಸ್-1252 ಎಂಬ ಯುರೋಪಿನ ಅಕ್ಷರಗಳ ಹಳೆಯ ಕ್ರಮದಿಂದ ಯುಟಿಎಫ್-8ಕ್ಕೆ ತನ್ನಿ. ವಜ್ರ ಹೋಗಿ ಆ ಗೀಟಿನ ಎ, ಪೌಂಡ್‌ಗಳು ಕಾಣಿಸಿಕೊಳ್ಳುತ್ತವೆ. ಇಲ್ಲಿಗೇ ಕೈಬಿಡುವವರು ಬಹಳ, ಐಕಾನ್ವ್ ಕೆಲಸ ಮಾಡಲಿಲ್ಲ ಎಂದುಕೊಂಡು. ಅದರ ಪಾಲಿನ ಕೆಲಸ ಮುಗಿದಿದೆ. ಮುಂದಿನದು ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದ್ದು.

ಪರಿವರ್ತಕಗಳು ಎಡವುವ ಜಾಗ ಅರ್ಕಾವೊತ್ತು. ನುಡಿಯಲ್ಲಿ ಅದು ಕಣ್ಣಿಗೆ ಕಾಣುವಂತೆಯೇ ಅಕ್ಷರದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ಕರ್ಣ, ಅರ್ಜುನ, ದುರ್ಯೋಧನ: ತಾಳಮದ್ದಳೆಯಲ್ಲಿ ಈ ಹೆಸರುಗಳಿಗೆ ಬರವಿಲ್ಲ. ಈ ಮೂವರನ್ನು ಕಡತದ ತುಂಬ ಹುಡುಕಿ ನೋಡಿ. ಟರ್ಮಿನಲ್‌ನಲ್ಲಲ್ಲ, ಸಾಮಾನ್ಯ ಪಠ್ಯ ಸಂಪಾದಕದಲ್ಲಿ. ಎಷ್ಟೋ ಟರ್ಮಿನಲ್‌ಗಳು ಸರಿಯಾದ ಒತ್ತಕ್ಷರವನ್ನೂ ಬಿಡಿಸಿ ತೋರಿಸುತ್ತವೆ.