ಸೆಮೆ, ಉಕೆ ಹಣೆಪಟ್ಟಿ ನೋಡಿ ಗೊಂದಲ ಆದವರಿಗೆ

ನೀವು ಕೇಳಿದ್ದು ಎರಡು ವಿಷಯ. ಬಿಎಲ್ ಮಂಗಾದ (ಗಂಡಸರಿಬ್ಬರ ಪ್ರೀತಿಯ ಜಪಾನಿ ಚಿತ್ರಕಥೆ) ಪರಿಚಯದಲ್ಲಿ ಪಾತ್ರಗಳಿಗೆ ಸೆಮೆ, ಉಕೆ ಅಂತ ಯಾಕೆ ಹಾಕುತ್ತಾರೆ? ಓದುವ ಹುಡುಗಿಯರೆಲ್ಲ ಉಕೆಯಲ್ಲೇ ತಮ್ಮನ್ನು ಕಾಣುತ್ತಾರೆ ಅಂತ ನಿಮ್ಮ ಗೆಳತಿ ಹೇಳಿದ್ದು ನಿಜವಾ?

ಮೊದಲನೆಯದು ಸುಲಭ. ಪ್ರೀತಿಯಲ್ಲೂ ಹಾಸಿಗೆಯಲ್ಲೂ ಮುಂದಾಗುವವನು ಸೆಮೆ, ಬರಮಾಡಿಕೊಳ್ಳುವವನು ಉಕೆ. ಎರಡು ಹೆಸರುಗಳ ನಡುವೆ ಗುಣಾಕಾರದ ಗುರುತು ಇದ್ದರೆ, ಜಪಾನಿನ ರೂಢಿಯಲ್ಲಿ ಎಡಗಡೆಯವನು ಸೆಮೆ, ಬಲಗಡೆಯವನು ಉಕೆ. ಅಲ್ಲಿನ ಅಭಿಮಾನಿಗಳು ಎಡ, ಬಲ ಅಂತಲೇ ಮಾತಾಡುತ್ತಾರೆ. ಹೆಸರು ತಿರುಗಿಸಿ ಬರೆದರೆ ಅದು ಬೇರೆಯೇ ಜೋಡಿ. ಒಂದನ್ನು ಇಷ್ಟಪಡುವವರು ಇನ್ನೊಂದನ್ನು ಮುಟ್ಟದೇ ಇರಬಹುದು. ಜಾಗ ಅದಲುಬದಲು ಆಗುವ ಜೋಡಿಗೆ ರಿಬಾ ಅನ್ನುತ್ತಾರೆ.

ಎರಡನೆಯದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಉಕೆ ಅಂದರೆ ಹುಡುಗಿಯ ಬದಲಿಗೆ ಇಟ್ಟ ಹುಡುಗ ಅನ್ನುವ ವಾದ ಹಳೆಯದು. 90ರ ದಶಕದ ಎಷ್ಟೋ ಕಥೆಗಳಲ್ಲಿ ಸೆಮೆ ಎತ್ತರ, ಮಾತು ಕಡಿಮೆ. ಉಕೆ ಕುಳ್ಳ, ದೊಡ್ಡ ಕಣ್ಣು, ಬೇಗ ಅಳು. ಅದನ್ನೇ ಓದಿದರೆ ಹಾಗನ್ನಿಸುವುದು ಸಹಜ. ಆದರೆ ಪುಟವನ್ನೇ ಸ್ವಲ್ಪ ನಿಧಾನವಾಗಿ ನೋಡಿ.

ಪ್ರೀತಿ ಹೇಳಿಕೊಳ್ಳುವ ದೃಶ್ಯ ಅಂತಿಟ್ಟುಕೊಳ್ಳಿ. ಉಕೆಯ ಮನಸ್ಸಿನ ಮಾತು ಸ್ಪೀಚ್ ಬಬಲ್ ಒಳಗೆ ಇರುವುದಿಲ್ಲ. ಯಾವ ಗೆರೆಯೂ ಇಲ್ಲದೆ ಖಾಲಿ ಬಿಳಿ ಜಾಗದಲ್ಲಿ ಹರಡಿರುತ್ತದೆ. ಹುಡುಗಿಯರಿಗಾಗಿ ಬರೆಯುವ ಶೋಜೊ ಮಂಗಾದಿಂದ ಬಂದ ಕ್ರಮ ಇದು. ಅದರ ಪಕ್ಕದ ಪ್ಯಾನೆಲ್‌ನಲ್ಲಿ ಅದೇ ಉಕೆಯ ಮುಖ, ತೀರಾ ಹತ್ತಿರದಿಂದ, ಕೆನ್ನೆ ಮೇಲೆ ಓರೆ ಗೆರೆಗಳು. ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡುತ್ತಿರುವುದು ಯಾರು? ಸೆಮೆ ಅಲ್ವಾ? ಅಂದರೆ ಕೇಳಿಸುವುದು ಉಕೆಯ ಮನಸ್ಸು, ಕಾಣುವುದು ಸೆಮೆಯ ಕಣ್ಣಿಂದ. ಇನ್ನೊಂದು ಪ್ಯಾನೆಲ್‌ನಲ್ಲಿ ಇಬ್ಬರೂ ದೂರದಿಂದ, ಸೂರಿನ ಕಡೆಯಿಂದ ಕಾಣುತ್ತಾರೆ. ಆ ನೋಟ ಇಬ್ಬರದ್ದೂ ಅಲ್ಲ. ಎಷ್ಟೋ ಓದುಗರಿಗೆ ಅದೇ ಇಷ್ಟದ ಜಾಗ. 'ಆ ಕೋಣೆಯ ಗೋಡೆ ಆಗಬೇಕು' ಅಂತ ಜಪಾನಿನ ಫುಜೊಶಿಗಳು, ಅಂದರೆ ಬಿಎಲ್ ಇಷ್ಟಪಡುವ ಹೆಣ್ಣುಮಕ್ಕಳು, ಹೇಳುವುದು ಅದಕ್ಕೇ.

ಹಾಗಾಗಿ ಕಥೆ ಆರಿಸುವಾಗ ಹಣೆಪಟ್ಟಿಗಿಂತ, ಮೊದಲ ಅಧ್ಯಾಯದಲ್ಲಿ ಮನಸ್ಸಿನ ಮಾತು ಯಾರದ್ದು ಅಂತ ನೋಡಿ. ಸೆಮೆಯದ್ದಾದರೆ ಕಥೆಯ ರುಚಿಯೇ ಬೇರೆ. ಆಗ ಒಳಗೇನಿದೆ ಅಂತ ಗೊತ್ತಾಗದೆ ಕಾಡುವವನು ಉಕೆ.

ಹಳೆಯ ಕಥೆ ಹಿಡಿಯುವ ಮೊದಲು ಎಚ್ಚರಿಕೆಯ ಟ್ಯಾಗ್ ಓದಿ. ಬಲವಂತವನ್ನೇ ಪ್ರೀತಿ ಅಂತ ತೋರಿಸಿದ್ದು ಜಾಸ್ತಿ ಇದೆ. 'ಸೆಮೆ ಅಂದಮೇಲೆ ಹಾಗೇ' ಅನ್ನುವ ಸಮರ್ಥನೆಯನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಈ ಹೆಸರುಗಳನ್ನು ನಿಜವಾದ ಗೇ ಜೋಡಿಗಳಿಗೆ ಹಚ್ಚಬೇಡಿ, 'ನಿಮ್ಮಲ್ಲಿ ಯಾರು ಉಕೆ' ಅಂತ ಕೇಳಲೇಬೇಡಿ. ಈ ಕಥೆಗಳು ಗೇ ಗಂಡಸರನ್ನು ತಪ್ಪಾಗಿ ತೋರಿಸುತ್ತವೆ ಅಂತ 1992ರಲ್ಲೇ ಸಾತೊ ಮಸಾಕಿ ಎಂಬ ಗೇ ಹೋರಾಟಗಾರರು ಜಪಾನಿನ ಸ್ತ್ರೀವಾದಿ ಕಿರುಪತ್ರಿಕೆಯೊಂದರಲ್ಲಿ ಕಟುವಾಗಿ ಬರೆದಿದ್ದರು. ಅದರ ಮೇಲೆ ವರ್ಷಗಟ್ಟಲೆ ಚರ್ಚೆ ನಡೆಯಿತು. ಓದುಗರೂ ಉತ್ತರ ಬರೆದರು. ಆ ಸಿಟ್ಟಿನಲ್ಲಿ ನ್ಯಾಯ ಇದೆ ಅಂತಲೇ ನನಗನ್ನಿಸುತ್ತದೆ.

ನೀವು ಶುರು ಮಾಡಿರುವುದು ಆಫೀಸಿನ ಕಥೆ ಅಂದಿರಲ್ಲ, ಅದರಲ್ಲಿ ಮನಸ್ಸಿನ ಮಾತು ಯಾರ ಕಡೆಯಿದೆ ಅಂತ ನೋಡಿ ಇಲ್ಲೇ ಹಾಕಿ. ಅದೇ ತರಹದ ಇನ್ನೆರಡು ಕಥೆ ಹೇಳುತ್ತೇನೆ.