ತಿರುವಿನಲ್ಲಿ ಕಾರು ನೇರಕ್ಕೇ ಜಾರಿದ್ದೇಕೆ?

ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವಾಗ, ತಿರುವಿನಲ್ಲಿ ಬ್ರೇಕ್ ಒತ್ತಿ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರಕ್ಕೇ ಜಾರಿತು ಎಂದು ಬರೆದಿದ್ದೀರಿ. ನಿಮಗೆ ಏನೂ ಆಗಲಿಲ್ಲವೆಂದು ತಿಳಿದು ಸಮಾಧಾನವಾಯಿತು.

ಟೈರಿನ ಹಿಡಿತಕ್ಕೆ ಮಿತಿಯಿದೆ. ನಿಮ್ಮ ಕಾರಿನಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು, ಎಲ್ಲವೂ ಮುಂದಿನ ಎರಡು ಚಕ್ರಗಳ ಮೇಲೆಯೇ. ಬ್ರೇಕಿಗೇ ಹಿಡಿತವೆಲ್ಲ ಖರ್ಚಾದರೆ ತಿರುಗಲು ಉಳಿಯುವುದೇನು? ಹತ್ತುವಾಗ ಆಕ್ಸಿಲರೇಟರ್ ಜೋರಾಗಿ ಒತ್ತಿದರೂ ಇದೇ ಕಥೆ.

ಸ್ಟಿಯರಿಂಗ್ ಹಠಾತ್ತನೆ ಹಗುರವಾದಂತೆ ಅನ್ನಿಸುವುದೇ ಮೊದಲ ಸೂಚನೆ. ಆಗ ಇನ್ನಷ್ಟು ತಿರುಗಿಸಬೇಡಿ. ಪೆಡಲಿನ ಮೇಲಿನ ಕಾಲನ್ನು ನಿಧಾನವಾಗಿ ಸಡಿಲಿಸಿ, ಸ್ಟಿಯರಿಂಗ್ ತುಸು ನೇರದತ್ತ ಬಿಡಿ; ಟೈರು ಮತ್ತೆ ರಸ್ತೆ ಕಚ್ಚುತ್ತದೆ. ಇದಕ್ಕೆ ಕೈ ಸುಲಭವಾಗಿ ಒಪ್ಪುವುದಿಲ್ಲ, ಹಾಗಾಗಿ ಖಾಲಿ ಮೈದಾನದಲ್ಲಿ ಕಡಿಮೆ ವೇಗದಲ್ಲಿ ಅಭ್ಯಾಸ ಮಾಡಿ. ನಿಜವಾದ ಪರಿಹಾರ ತಿರುವಿಗೆ ಮೊದಲೇ ಇದೆ: ನೇರ ರಸ್ತೆಯಲ್ಲೇ ವೇಗ ತಗ್ಗಿಸಿ, ಎರಡನೇ ಗೇರಿಗೆ ಇಳಿಸಿ.

ಟೈರು ತಣ್ಣಗಿರುವಾಗ ಅದರ ಗಾಳಿಯ ಒತ್ತಡ ನೋಡಿ. ಟೈರಿನ ಮೇಲ್ಮೈಯ ತೋಡಿನ ಆಳ 1.6 ಮಿ.ಮೀ. ಕಾನೂನಿನ ಕನಿಷ್ಠ ಮಿತಿ. ಘಾಟಿಯ ಮಳೆಗೆ ಅದು ಸಾಲದು. ಎರಡೇ ಹೊಸ ಟೈರು ಕೊಳ್ಳುವುದಾದರೆ ಹಿಂದಕ್ಕೆ ಹಾಕಿಸಿ. ಹಿಂಭಾಗ ಜಾರಿದರೆ ಸರಿಪಡಿಸುವುದು ಇನ್ನೂ ಕಷ್ಟ.