ಥೈರಾಯ್ಡ್ ಗಂಟಿಗೆ ಹಾರ್ಮೋನ್ ಮಾತ್ರೆ ಬೇಕೇ?

ಪ್ರಶ್ನೆ: ನನಗೆ 56 ವರ್ಷ. ಮುಟ್ಟು ನಿಂತು ಕೆಲವು ವರ್ಷಗಳಾಗಿವೆ. ಕುತ್ತಿಗೆಯ ಬಲಭಾಗದಲ್ಲಿ ಗಂಟು ಕಾಣಿಸಿಕೊಂಡು ಸ್ಕ್ಯಾನಿಂಗ್ ಮಾಡಿಸಿದಾಗ 2.2 ಸೆಂ.ಮೀ. ಇದೆ ಎಂದರು. ಸೂಜಿ ಪರೀಕ್ಷೆಯ ವರದಿಯಲ್ಲಿ ‘ಬೆಥೆಸ್ಡಾ 2’ ಎಂದಿದೆ. ಟಿಎಸ್‌ಎಚ್ 1.8. ನುಂಗಲು, ಉಸಿರಾಡಲು ತೊಂದರೆಯಿಲ್ಲ. ಡಾಕ್ಟರು ಮಾತ್ರೆಯೇನೂ ಬೇಡ, ವರ್ಷ ಬಿಟ್ಟು ಮತ್ತೆ ಸ್ಕ್ಯಾನಿಂಗ್ ಮಾಡಿಸಿ ಎಂದು ಕಳಿಸಿದ್ದಾರೆ. ಆದರೆ ನನ್ನ ಅಕ್ಕನಿಗೆ ಹಿಂದೆ ಇಂಥದೇ ಗಂಟಿಗೆ ಥೈರಾಕ್ಸಿನ್ 100 ಮೈಕ್ರೋಗ್ರಾಂ ಮಾತ್ರೆ ಕೊಟ್ಟು ಗಂಟು ಸಣ್ಣದಾಯಿತಂತೆ. ಆಕೆ ಇಂದಿಗೂ ಅದನ್ನು ನುಂಗುತ್ತಾಳೆ. ನಾನೂ ತೆಗೆದುಕೊಳ್ಳಬಹುದೇ?
– ಹೆಸರು ಬೇಡ, ತುಮಕೂರು

ಉತ್ತರ: ತೆಗೆದುಕೊಳ್ಳಬೇಡಿ. ನಿಮ್ಮ ಡಾಕ್ಟರು ಹೇಳಿರುವುದು ಸರಿಯಾಗಿದೆ. ಬೆಥೆಸ್ಡಾ 2 ಎಂದರೆ ಸೂಜಿಯಲ್ಲಿ ತೆಗೆದ ಜೀವಕೋಶಗಳಲ್ಲಿ ಕ್ಯಾನ್ಸರಿನ ಲಕ್ಷಣವಿಲ್ಲವೆಂದು ಅರ್ಥ. ಟಿಎಸ್‌ಎಚ್ 1.8 ಇರುವುದರಿಂದ ನಿಮ್ಮ ಗ್ರಂಥಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ನಿಮ್ಮ ಅಕ್ಕನಿಗೆ ಮಾತ್ರೆ ಬರೆದುಕೊಟ್ಟವರೂ ಸುಮ್ಮನೆ ಬರೆದವರಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಹಾರ್ಮೋನನ್ನು ಕಳಿಸಿ ಥೈರಾಯ್ಡ್ ಅನ್ನು ದುಡಿಸುತ್ತದೆ ಮತ್ತು ಬೆಳೆಸುತ್ತದೆ. ಥೈರಾಯ್ಡ್ ತಾನೇ ತಯಾರಿಸುವ ಹಾರ್ಮೋನಾದ ಥೈರಾಕ್ಸಿನ್ ಅನ್ನು ಹೊರಗಿನಿಂದ ಕೊಟ್ಟರೆ ಟಿಎಸ್‌ಎಚ್ ತಗ್ಗುತ್ತದೆ, ಅದರ ಪ್ರಚೋದನೆ ಸಿಗದ ಗಂಟು ಕುಗ್ಗುತ್ತದೆ ಎಂಬ ಲೆಕ್ಕಾಚಾರದ ಮೇಲೆ ದಶಕಗಳ ಕಾಲ ಈ ಚಿಕಿತ್ಸೆ ನಡೆಯಿತು. ಲೆಕ್ಕಾಚಾರ ಚೆನ್ನಾಗಿಯೇ ಇತ್ತು, ಗಂಟು ಮಾತ್ರ ಅದರಂತೆ ನಡೆದುಕೊಳ್ಳಲಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 53 ರೋಗಿಗಳಲ್ಲಿ ಕೆಲವರಿಗೆ ಥೈರಾಕ್ಸಿನ್, ಉಳಿದವರಿಗೆ ಔಷಧವಿಲ್ಲದ ತೋರಿಕೆಯ ಮಾತ್ರೆ ಕೊಟ್ಟು ಆರು ತಿಂಗಳ ಬಳಿಕ ಅಳತೆ ನೋಡಿದರು. 1987ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಥೈರಾಕ್ಸಿನ್ ಜೊತೆಗೆ ಅಯೋಡಿನ್ ಕೊಟ್ಟವರಲ್ಲಿ ಗಂಟಿನ ಗಾತ್ರ ಒಂದು ವರ್ಷದಲ್ಲಿ ಸುಮಾರು ಶೇ 17ರಷ್ಟು ತಗ್ಗಿತ್ತು, ನಿಜ. ಆದರೆ ಅಲ್ಲಿಯವರ ಆಹಾರದಲ್ಲಿ ಅಯೋಡಿನ್ ಸ್ವಲ್ಪ ಕಡಿಮೆಯೇ ಇತ್ತು. ಥೈರಾಕ್ಸಿನ್ ಒಂದನ್ನೇ ತೆಗೆದುಕೊಂಡವರಲ್ಲಿ ಇಳಿಕೆ ಇದರ ಅರ್ಧದಷ್ಟೂ ಇರಲಿಲ್ಲ. ಅಯೋಡಿನ್ ಬೆರೆತ ಉಪ್ಪನ್ನೇ ದಿನವೂ ಬಳಸುವ ಮನೆಗಳಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ಇದನ್ನು ಓದಿ ಅಯೋಡಿನ್ ಮಾತ್ರೆ ಕೊಳ್ಳಲು ಹೊರಡುವುದಂತೂ ಬೇಡವೇ ಬೇಡ. ಕೆಲವು ಗಂಟುಗಳು ಅದರಿಂದ ಕೆರಳಿ ಹಾರ್ಮೋನನ್ನು ಅತಿಯಾಗಿ ಸುರಿಸುತ್ತವೆ.

ಹಾಗಾದರೆ ಅಕ್ಕನ ಗಂಟು ಸಣ್ಣದಾದದ್ದು ಹೇಗೆ? ಮಾತ್ರೆಯಿಂದಲೇ ಆಗಿರಬಹುದು, ತಾನಾಗಿಯೂ ಆಗಿರಬಹುದು. ಇಟಲಿಯ ವೈದ್ಯರು ಇಂಥ ಗಂಟುಗಳಿದ್ದ 992 ಜನರನ್ನು ಐದು ವರ್ಷ ಗಮನಿಸಿ 2015ರಲ್ಲಿ ವರದಿ ಮಾಡಿದಾಗ, ಸುಮಾರು ಶೇ 15ರಷ್ಟು ಜನರಲ್ಲಿ ಗಂಟು ಬೆಳೆದಿದ್ದರೆ ಶೇ 18ಕ್ಕೂ ಹೆಚ್ಚು ಜನರಲ್ಲಿ ತಾನಾಗಿಯೇ ಕುಗ್ಗಿತ್ತು. ಇನ್ನು ಮಾತ್ರೆಯಿಂದ ಕುಗ್ಗಿದ ಗಂಟು ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಬೆಳೆಯುವುದುಂಟು.

ಇಷ್ಟು ಅಲ್ಪ ಲಾಭಕ್ಕೆ ತೆರಬೇಕಾದ ಬೆಲೆ ನಿಮ್ಮ ವಯಸ್ಸಿನಲ್ಲಿ ಹೆಚ್ಚು. ಟಿಎಸ್‌ಎಚ್ ಅನ್ನು ಸಹಜ ಮಟ್ಟಕ್ಕಿಂತ ಕೆಳಗೆ ತಳ್ಳಿದರೆ ಹೃದಯ ತಾಳತಪ್ಪುವ ಸಂಭವ ಏರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 60 ದಾಟಿದವರನ್ನು ಹತ್ತು ವರ್ಷ ಗಮನಿಸಿದಾಗ, ಟಿಎಸ್‌ಎಚ್ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ‘ಏಟ್ರಿಯಲ್ ಫಿಬ್ರಿಲೇಷನ್’ ಎಂಬ ಈ ತೊಂದರೆಯ ಸಂಭವ ಸುಮಾರು ಮೂರು ಪಟ್ಟು ಕಂಡಿತ್ತು. ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆಗಳೂ ಬೇಗ ಸವೆಯುತ್ತವೆ. ಈ ಕಾರಣಗಳಿಂದಲೇ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರ ಮಾರ್ಗಸೂಚಿಯಲ್ಲಿ, ಅಯೋಡಿನ್ ಸಾಕಷ್ಟು ಸಿಗುವ ಕಡೆ ಕ್ಯಾನ್ಸರ್ ಅಲ್ಲದ ಗಂಟುಗಳಿಗೆ ಈ ಚಿಕಿತ್ಸೆಯನ್ನು ರೂಢಿಯಾಗಿ ಕೊಡಬಾರದೆಂದು ಹೇಳಿದೆ.

ನೀವು ಮಾಡಬೇಕಾದದ್ದು ಹೇಳಿದ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸುವುದು. ಹೋಗುವಾಗ ಹಳೆಯ ವರದಿಯನ್ನು ಜೊತೆಗೆ ಒಯ್ಯಿರಿ, ಏಕೆಂದರೆ ಒಂದೆರಡು ಮಿಲಿಮೀಟರಿನ ವ್ಯತ್ಯಾಸ ಅಳತೆಯಲ್ಲೇ ಬರುವಂಥದು. ಗಂಟು ಬೇಗ ದೊಡ್ಡದಾದರೆ, ಧ್ವನಿ ಒಡೆದರೆ, ಅನ್ನ ಇಳಿಯುವಾಗ ಸಿಕ್ಕಿಕೊಂಡಂತಾದರೆ ವರ್ಷ ಕಾಯಬೇಡಿ. ಅಕ್ಕನವರಿಗೆ ಟಿಎಸ್‌ಎಚ್ ಮಾಡಿಸಿಕೊಂಡು ಡಾಕ್ಟರನ್ನು ಕಾಣಲು ಹೇಳಿ. ತಾವಾಗಿಯೇ ಮಾತ್ರೆ ಬಿಡುವುದು ಬೇಡ.

ಪ್ರಶ್ನೆ: ನನಗೂ ಕ್ಯಾನ್ಸರ್ ಅಲ್ಲದ ಸಣ್ಣ ಗಂಟಿದೆ. ಟಿಎಸ್‌ಎಚ್ 14 ಇದ್ದುದರಿಂದ ಥೈರಾಕ್ಸಿನ್ ಶುರುಮಾಡಿದರು. ಗಂಟು ಇದ್ದ ಹಾಗೇ ಇದೆ. ನಿಲ್ಲಿಸಬಹುದೇ?
– ಓದುಗ, ಶಿರಸಿ

ಉತ್ತರ: ನಿಲ್ಲಿಸಬೇಡಿ. ನಿಮ್ಮ ಮಾತ್ರೆ ಗಂಟಿಗೆ ಕೊಟ್ಟದ್ದಲ್ಲ, ಥೈರಾಯ್ಡ್ ಹಾರ್ಮೋನಿನ ಕೊರತೆಗೆ ಕೊಟ್ಟದ್ದು. ಆ ಕೊರತೆಯಿದ್ದಾಗ ಟಿಎಸ್‌ಎಚ್ ಹೀಗೆ ಏರುತ್ತದೆ. ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನು ಟಿಎಸ್‌ಎಚ್ ಹೇಳುತ್ತದೆಯೇ ಹೊರತು ಗಂಟಿನ ಗಾತ್ರವಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿ–ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಕಬ್ಬಿಣಾಂಶ ಅಥವಾ ಕ್ಯಾಲ್ಸಿಯಂ ಮಾತ್ರೆಯಿದ್ದರೆ ನಾಲ್ಕು ಗಂಟೆಗಳ ಅಂತರವಿರಲಿ.